ಎಡಗೈಯಲ್ಲಿ ಬರೆದ ಪರೀಕ್ಷೆ

ಮಂಗಳವಾರ, ರಾತ್ರಿ.

ಮತ್ತೆ ನನ್ನ ದಿನಚರಿ ಪುಸ್ತಕಕ್ಕೆ ಕೈ ಹಾಕಿದೆಯೇನೋ, ಹಾಳಾದವನೇ? ಬೈಯುತ್ತಿರುವವಳು ನಿನ್ನನ್ನು ಹೆತ್ತವಳೇ, ಪೂರ್ತಿ ಓದು.

ನೀನು ಹೊಡೆದು ಬಲಗೈ ಮುರಿದ ನಿನ್ನ ಹೆಂಡತಿ ಇಂದು ದೊಡ್ಡವರ ಅಕ್ಷರದ ತರಗತಿಯಲ್ಲಿ ಎಡಗೈಯಲ್ಲಿ ಪರೀಕ್ಷೆ ಬರೆದಳು. ತನ್ನ ಹೆಸರು ಮುಗಿಸುವಷ್ಟರಲ್ಲಿ ಹೊತ್ತು ಮೀರಿತು. ಹೊಸ ಪ್ರಗತಿ ಪಟ್ಟಿಯಲ್ಲಿ ‘ಹಿಂದೆ ಬಿದ್ದಿದ್ದಾಳೆ’ ಎಂದು ಬಿತ್ತು.

ಪುಕ್ಕಟೆ ಕಲಿಸಲು ಬರುವ ಹುಡುಗಿ, ಸೊಸೆಯ ಪಕ್ಕ ಕೂತಿದ್ದ ನನ್ನನ್ನು ಕೇಳಿದಳು, “ಈ ಪಟ್ಟಿ ಹೇಗಿದೆ, ಅಜ್ಜಿ?”

“ಇವಳ ಕೈ ಮುರಿದವನಿಗೆ ಅಂಕ ಹಾಕೋ ಕಾಲಂ ಎಲ್ಲಮ್ಮಾ?” ಎಂದು ಪಟ್ಟಿಯನ್ನು ಪರಪರ ಹರಿದೆ.

“ಅಯ್ಯೋ ಅಜ್ಜಿ, ಇದ್ದಿದ್ದು ಅದೊಂದೇ!”

ಮುಂದಿನ ತಿಂಗಳು ಮರುಪರೀಕ್ಷೆ. ಸೋತರೆ ನಿನ್ನ ಹೆಂಡತಿಯ ಹೆಸರನ್ನು ತರಗತಿಯಿಂದ ತೆಗೆಯುತ್ತಾರಂತೆ. ಲಟ್ಟಣಿಗೆ ನನ್ನ ದಿಂಬಿನಡಿ ಇದೆ. ಇನ್ನೊಮ್ಮೆ ಕೈ ಎತ್ತಿದರೆ ನಿನ್ನ ಮೂಳೆ ಪುಡಿ ಮಾಡುತ್ತೇನೆ. ನೀನಾಗಿ ಮನೆ ಬಿಡುತ್ತೀಯೋ, ಒದ್ದು ಬಿಡಿಸಲೋ? ಮುಂದಿನ ತಿಂಗಳು ಹುಟ್ಟುವ ಮುಂಚೆ ಇಲ್ಲೇ ಕೆಳಗೆ ಉತ್ತರ ಬರೆ.

ಎಡಗೈಯಲ್ಲಿ ಬರೆ.