ಹೊರಡುವ ಮುನ್ನ ಕೇಳುವ ಮಾತು

ಅಪ್ಪಾ,

ಇವತ್ತು ನನ್ನ ವರ್ಕ್‌ಶಾಪಿಗೆ ಬಂದ ಬೈಕನ್ನು ನೀನು ನೋಡಬೇಕಿತ್ತು. ನಿನ್ನ ಹಳೆಯ ಬ್ರಿಟಿಷ್ ಬೈಕಿನದೇ ವಂಶ. ಅದೇ ದುಂಡನೆಯ ಹೆಡ್‌ಲೈಟು, ನೀನು ಹಳೇ ಬನಿಯನ್ನಿನಲ್ಲಿ ಉಜ್ಜುತ್ತಿದ್ದಂಥದೇ ಟ್ಯಾಂಕು. ಆದರೆ ನಿನ್ನದು ಓಡಿಸುವವರನ್ನು ಫೋಟೋಕ್ಕೆ ಕೂತ ಯಜಮಾನರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರಿಸುತ್ತಿತ್ತು. ಇದು ಹ್ಯಾಂಡಲ್ ತಗ್ಗಿಸಿಕೊಂಡು ಓಟಕ್ಕೆ ಬಗ್ಗಿ ನಿಂತ ಹುಡುಗಿಯ ಹಾಗಿದೆ.

ಬೈಕಿನ ಒಡತಿ ಹಲ್ಲಿನ ಡಾಕ್ಟರು. "ಬ್ರೇಕ್ ಸರಿಯಾಯ್ತಾ ಅಂತ ನೀವೇ ಒಂದು ರೌಂಡ್ ಹೋಗ್ಬನ್ನಿ" ಎಂದು ಕೀಲಿ ಕೊಟ್ಟರು. ಎದೆ ಟ್ಯಾಂಕಿಗೆ ತಾಗುವಷ್ಟು ಬಗ್ಗಿ ಕೂತು ಸ್ಟಾರ್ಟ್ ಮಾಡಿದೆ. ಇಂಜಿನ್ನಿನ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸಿತು, ಅಪ್ಪಾ.

ಕ್ಲಚ್ ಬಿಡುವ ಮೊದಲು ನೀನು ಯಾವಾಗಲೂ "ಕೂತ್ಯಾ, ಮಗಳೇ?" ಅನ್ನುತ್ತಿದ್ದೆ. ನಾನು ಬೆನ್ನು ತಟ್ಟಿದ ಮೇಲೆಯೇ ಗಾಡಿ ಕದಲುತ್ತಿತ್ತು. ನನಗೆ ಓಡಿಸಲು ಕಲಿಸಿದೆ, ನನ್ನ ಹಿಂದೆ ಮಾತ್ರ ನೀನು ಕೂರಲಿಲ್ಲ. "ಹಿಂದೆ ಕೂರೋಷ್ಟು ವಯಸ್ಸಾಗಿಲ್ಲ ಬಿಡೇ ನಂಗೆ" ಎಂದು ನಕ್ಕೆ. ನೀನಿದ್ದಷ್ಟು ದಿನ ನಾನೂ ಮತ್ತೆ ಕರೆಯಲಿಲ್ಲ.

ಇವತ್ತು ಕ್ಲಚ್ ಬಿಡುವ ಮೊದಲು ನನ್ನ ಬಾಯಿಂದ ತಾನಾಗೇ ಬಂತು: "ಕೂತ್ಯಾ, ಅಪ್ಪಾ?"

ಡಾಕ್ಟರು ನನ್ನನ್ನೇ ನೋಡಿದರು. ಈ ಬೈಕಿಗೆ ಹಿಂದಿನ ಸೀಟೇ ಇಲ್ಲ. ಆದರೂ ನೀನು ಬೆನ್ನು ತಟ್ಟಲಿ ಎಂದು ಸ್ವಲ್ಪ ಹೊತ್ತು ಕಾದೆ.