ಜಗದ್ ಹೋಗಿ ಐದು ತಿಂಗಳು

ಸೋಲೋ
ಆಗಸ್ಟ್ ೧೪, ಭಾನುವಾರ

ಹಾರ್ತಿನಿ ಅಕ್ಕಾ,

ಮೂರು ಕಾಗದಕ್ಕೂ ಉತ್ತರ ಬರೆಯದ ಈ ತಂಗಿಯನ್ನು ಮೊದಲು ಬೈದುಬಿಡು, ಆಮೇಲೆ ಓದು. ಗಾರ್ಮೆಂಟ್ಸ್ ಕೆಲಸದ ನೆವ ಹೇಳುವುದಿಲ್ಲ. ಹೆದರಿಕೆಯಾಗಿತ್ತು.

ಮಗಳು ಗಲಿಹ್‌ಗೆ ಆಟಿಸಂ ಅಂದಾಗ ಊರೆಲ್ಲ ನನ್ನ ಬಸಿರನ್ನು ಕಟಕಟೆಗೆ ಹತ್ತಿಸಿತ್ತಲ್ಲ? ಏನು ತಿಂದಳೋ, ಯಾವ ಮುಷ್ಕರದಲ್ಲಿ ಕೂಗಾಡಿದಳೋ! ಗಂಡನನ್ನು ಒಬ್ಬರೂ ಕೇಳಲಿಲ್ಲ. ಆ ಸಿಟ್ಟಿಗೇ ಚಿಕ್ಕವನನ್ನು ಆಸ್ಪತ್ರೆಯ ಸಂಶೋಧನೆಗೆ ಸೇರಿಸಿದೆ. ಮನೆಯ ದೊಡ್ಡ ಮಗುವಿಗೆ ಆಟಿಸಂ ಇದ್ದರೆ ಚಿಕ್ಕದರ ಮಿದುಳು ಹೇಗೆ ಬೆಳೆಯುತ್ತದೆಂದು ಆರನೇ ತಿಂಗಳಿಂದ ನೋಡುತ್ತಾರೆ, ತಂತಿಗಳ ಟೋಪಿ ತೊಡಿಸಿ. ನಮ್ಮ ಮಕ್ಕಳ ತಲೆ, ನಿಮ್ಮ ಪ್ರಬಂಧ ಎಂದು ಜಗಳವಾಡಿಯೇ ಸಹಿ ಹಾಕಿದೆ.

ಹೋದ ತಿಂಗಳು ಅವನಿಗೆ ವರ್ಷ ತುಂಬಿತು. ನಾನು ಪಾಳಿಯಲ್ಲಿದ್ದೆ, ಪರೀಕ್ಷೆಗೆ ಅತ್ತೆ ಕರೆದೊಯ್ದರು. ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅವನ ಬೆನ್ನ ಹಿಂದೆ ನಿಂತು ಮೂರು ಸಲ ಹೆಸರು ಕೂಗಿದಳಂತೆ. ಕೂಸು ತಿರುಗಲಿಲ್ಲ. ಹೆಸರಿಗೆ ತಿರುಗದಿದ್ದರೆ ಅದೂ ಆಟಿಸಂನ ಒಂದು ಸೂಚನೆಯಂತೆ. ಸಂಶೋಧನೆಯ ಡಾಕ್ಟರ್ ಅರಿನಿ ಫೋನ್ ಮಾಡಿದರು. ಪಾಳಿ ಬಿಟ್ಟು ಓಡಿದೆ.

"ಏನಂತ ಕೂಗಿದ್ರಿ?"

"ಜಗದ್ ಅಂತ. ಅರ್ಜಿಯಲ್ಲಿ ಅದೇ ಇದೆಯಲ್ಲಮ್ಮಾ."

"ಅಯ್ಯೋ, ಜಗದ್ ಹೋಗಿ ಐದು ತಿಂಗಳಾಯ್ತು!"

ಪಾಪ, ಮಗು ಸತ್ತೇಹೋಯಿತೆಂದುಕೊಂಡು ಆಕೆಯ ಮುಖ ಬಿಳಚಿಕೊಂಡಿತು.

ಏಳನೇ ತಿಂಗಳಲ್ಲಿ ಜ್ವರ ಬಿಡದಿದ್ದಾಗ ಅತ್ತೆ, "ಹೆಸರು ಭಾರ ಆಗಿದೆ ಕಣೇ, ಇಡೀ ಜಗತ್ತನ್ನೇ ಹೊರಿಸಿದ್ದೀಯ" ಎಂದು ಶಾಸ್ತ್ರದ ಕೆಂಪು-ಬಿಳಿ ಗಂಜಿ ಹಂಚಿ ವರಸ್ ಎಂದು ಹೆಸರು ಬದಲಿಸಿದ್ದರು. ವರಸ್ ಅಂದರೆ ಆರೋಗ್ಯ. ಸರ್ಕಾರಿ ಕಾಗದ ಬದಲಾಗಿರಲಿಲ್ಲ, ಅಷ್ಟೆ.

"ಅಲ್ಲೇ ಹೇಳೋಕೆ ಏನಾಗಿತ್ತು ಅತ್ತೆ?"

"ಆ ಹಾಳು ಹೆಸರನ್ನ ಮತ್ತೆ ನನ್ನ ಬಾಯಿಂದ ಆಡಿಸ್ತೀಯಾ? ಓದಿದೋರು, ಅವ್ರಿಗೇ ಗೊತ್ತಿರಬೇಕು!"

ಡಾಕ್ಟರ್ ಒಪ್ಪಿಕೊಂಡರು. "ಮನೇಲಿ ಏನಂತ ಕರೀತೀರಿ ಅಂತ ಕೇಳಬೇಕಿತ್ತು. ತಪ್ಪು ನಮ್ಮದು. ಆಗಸ್ಟ್ ಹದಿನೈದು, ಸೋಮವಾರ ಮತ್ತೆ ನೋಡೋಣ. ಇದೊಂದರಿಂದಲೇ ಏನೂ ತೀರ್ಮಾನ ಆಗಲ್ಲ." ಇದನ್ನು ಕೇಳಿ ಫ್ಯಾಕ್ಟರಿಯ ನಮ್ಮ ಹೊಲಿಗೆ ಲೈನಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು: "ಮುರ್ನಿ, ವಿಜ್ಞಾನಕ್ಕೇ ಹೊಲಿಗೆ ಹಾಕಿದೆಯಲ್ಲೇ!" ನಾನೂ ನಕ್ಕೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ತಲೆಯೆತ್ತಿ ಬಾಳಲಿ, ದೇವರು ಅವರನ್ನು ಕಾಯಲಿ.

ನಿನ್ನ
ಮುರ್ನಿ

ಮರೆತಿದ್ದೆ: ಗಲಿಹ್ ನನ್ನ ಬಂಗಾರ, ವರಸ್ ಅವಳಂತಾದಾನು ಎಂಬ ಭಯವಲ್ಲ. ಅವಳ ಮುಖಕ್ಕೆ ಬಾಗಿಲು ಹಾಕಿದ ಶಾಲೆಗಳ ಮೆಟ್ಟಿಲನ್ನು ಇನ್ನೊಮ್ಮೆ ಹತ್ತಿಳಿಯುವ ಭಯ. ಆ ಫೋನ್ ಬಂದ ದಿನದಿಂದ ವರಸ್‌ನನ್ನು ನಾನು ಹಿಂದಿನಿಂದ ಕೂಗಿಲ್ಲ ಅಕ್ಕಾ. ಎದುರಿಗೆ ಹೋಗಿ, ಅವನ ಕಣ್ಣು ನನ್ನ ಮೇಲೆ ಬಿದ್ದ ಮೇಲೇ ಹೆಸರು ಹಿಡಿದು ಕರೆಯುತ್ತೇನೆ. ಪೊಲೀಸರ ಲಾಠಿಗೆ ಎದೆಯೊಡ್ಡಿದವಳು ನಾನು. ಮೂರಕ್ಷರ ಕೂಗಲು ಧೈರ್ಯ ಸಾಲುತ್ತಿಲ್ಲ. ನಾಳೆ ಆ ಹುಡುಗಿ ಬೆನ್ನ ಹಿಂದೆ ನಿಂತು ವರಸ್ ಎಂದು ಕೂಗುತ್ತಾಳೆ.