ಹೊಸ ನೀರಿಗೆ ಉಡಿ

ಮೇ ೧೬, ೧೮೫೮. ರವಿವಾರ, ಸಂಜೆ

ಇವತ್ತೂ ಹಿಟ್ಟು ಸಾಲಲಿಲ್ಲ. ಮತ್ತೆ ಜೋಳ ಬೀಸಬೇಕಾಯಿತು. ನರಗುಂದದಿಂದ ಬಂದವರು ಉಂಡು ಪಡಸಾಲೆಯಲ್ಲೇ ಕೂತರು. ಅವ್ವ ತೀರಿಕೊಂಡ ಮೇಲೆ ಈ ವಾಡೆಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಅದಕ್ಕೇ ಮದುವೆಯಾದರೂ ಶಿರೋಳದ ಗಂಡನ ಮನೆಯಲ್ಲಿ ಅರ್ಧ ವರ್ಷ, ಇಲ್ಲಿ ತವರು ಕೊಣ್ಣೂರಿನಲ್ಲಿ ಅರ್ಧ.

ಬಾಗಿಲ ಸಂದಿಯಿಂದ ನೋಡಿದೆ. ಹರಿವಾಣದಲ್ಲಿ ಬಿಲ್ವಪತ್ರೆ, ಭಂಡಾರ. ಅಪ್ಪ ಮೊದಲು ಎತ್ತಿದರು. ಊರ ಗೌಡಿಕೆ, ಹೊಳೆ ದಾಟಿಸುವ ಕಡವಿನ ಹಕ್ಕು — ಎರಡೂ ನರಗುಂದ ಸಂಸ್ಥಾನ ಕೊಟ್ಟದ್ದು.

"ಈ ಬೇಲ-ಭಂಡಾರದ ಆಣಿ," ಅಂದರು ಅಪ್ಪ. "ಈ ಪ್ರಭುಲಿಂಗಪ್ಪನ ಕಡವು ದೊರಿಗಳದು. ಕಂಪನಿ ಕುದುರಿಗೆ ಇಲ್ಲಿ ಹರಿಗೋಲ ಇಲ್ಲ."

ಆಮೇಲೆ ಒಬ್ಬೊಬ್ಬರಾಗಿ ಎತ್ತಿದರು. ಇವರೂ ಎತ್ತಿದರು. ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಳಿಯ ಮಾವನ ಕಾಲಿಗೆ ಬೀಳುವುದು ದಿನಾ ಇದ್ದದ್ದೇ. ಇವತ್ತು ಯಾಕೋ ನೋಡಲಾಗದೆ ಬೀಸುಕಲ್ಲಿಗೆ ತಿರುಗಿ ಬಂದೆ.

ಮೇ ೧೮, ಮಂಗಳವಾರ

ಇವರು ನರಗುಂದಕ್ಕೆ ಹೊರಟರು. ಜೀನು ಬಿಗಿಯುತ್ತಾ ನಾನು ಬರೆಯುವುದನ್ನು ಕಂಡರು.

"ಏನ ಬರೀತಿ? ನಮ್ಮವ್ವನ ಮ್ಯಾಲ ಚಾಡಿ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಬರಿ, ಬರಿ. ಬಾಯಿಲೆ ಹೇಳಂದ್ರ ಒಂದ ಮಾತಿಲ್ಲ. ಮಠದ ಅಯ್ಯಗೋಳು ನಿನಗ ಅಕ್ಷರ ಕಲಿಸಿ ಮಾತ ಕಸಗೊಂಡಾರ. ನನ್ನ ಹೆಸರರ ಬರದಿಯೇನು?"

ಬರೆದಿಲ್ಲ. ಗಂಡನ ಹೆಸರು ಹೇಳಬಾರದು. ಬರೆಯಬಹುದೋ ಏನೋ... ಮಠದ ಸಾಲಿಯಲ್ಲಿ ಅದನ್ನು ಹೇಳಿಕೊಟ್ಟಿಲ್ಲ. ಅಪ್ಪ ಕರೆಯುವ ಹಾಗೆ ಬರೆದರೆ ತಪ್ಪಾಗಲಿಕ್ಕಿಲ್ಲ — ಈಶಪ್ಪ.

"ಹೋಗದಿದ್ರ ನಡೆಯೂದಿಲ್ಲೇನ್ರಿ?" ಅಂದೆ. ಅಷ್ಟನ್ನು ಹೇಳಲು ಮುಂಜಾನೆಯಿಂದ ಕಾದಿದ್ದೆ.

"ನಿಮ್ಮಪ್ಪ ಎತ್ತಿದ ಮ್ಯಾಲ ನಾವು ಎತ್ತೇವಿ. ಅಂಜಬ್ಯಾಡ. ಏನರ ಹೆಚ್ಚುಕಮ್ಮಿ ಆತಂದ್ರ ನಿಮ್ಮಪ್ಪನ ಕಡವು ಐತಿ, ದಾಟಿ ಆಚಿ ದಂಡಿಗೆ ಹೋಗ್ತೇವಿ. ಕಂಪನಿಯವ್ರು ಈಚಿ ದಂಡ್ಯಾಗ ಮೀನ ಹಿಡಕೋತ ಕೂಡ್ಲಿ."

ನಕ್ಕರು. ಕುದುರೆ ಕೆರೆಯ ಏರಿ ದಾಟುವವರೆಗೆ ಕಂಡಿತು.

ಮೇ ೨೩, ರವಿವಾರ

ಗಜೇಂದ್ರಗಡದ ಅಂದಾನೆಪ್ಪ ಶೆಟ್ಟರು ಬಂದಿದ್ದಾರೆ. ಸೀರೆ ವ್ಯಾಪಾರ ಅವರದು. ಗಂಟು ಬಿಚ್ಚಿ ನನ್ನ ಮುಂದೆ ಹರಡಿದರು, ಮಾತು ಮಾತ್ರ ಅಪ್ಪನ ಜೊತೆ.

"ಗೌಡ್ರ, ಸೀರಿ ಅರ್ಧಾ ನೇಯ್ದಾಗ ನೂಲು ಹರಿತಂದ್ರ ನೇಕಾರ ಏನ ಮಾಡ್ತಾನ್ರಿ? ಅಳಕೋತ ಕೂಡ್ತಾನೇನು? ಬ್ಯಾರೆ ನೂಲ ಗಂಟ ಹಾಕಿ ಮುಂದ ನೇಯ್ತಾನ."

"ಗಂಟು ಕಾಣತೈತಲ್ಲೋ ಶೆಟ್ಟಿ."

"ಒಳಮೈಗೆ ಹಾಕ್ತಾರ್ರಿ. ಉಟ್ಟಾಕಿಗೆ ಅಷ್ಟ ಗೊತ್ತು."

ಅಪ್ಪ ನಗಲಿಲ್ಲ. ಆಮೇಲೆ ಶೆಟ್ಟರು ದನಿ ತಗ್ಗಿಸಿದರು. ಧಾರವಾಡದಿಂದ ಪಲಟನ್ ಬರುತ್ತದಂತೆ. ಎದುರು ನಿಂತ ಊರುಗಳನ್ನು ಸುಡುತ್ತಾರಂತೆ. ಗೌಡಿಕೆ ಯಾರದು ಇರಬೇಕು, ಯಾರದು ಹೋಗಬೇಕು ಅಂತ ರೋಣದ ಕಚೇರಿಯಲ್ಲಿ ಈಗಲೇ ಬರೆಯುತ್ತಿದ್ದಾರಂತೆ.

ನನಗೊಂದು ಹಸಿರು ಸೀರೆ ಬಿಟ್ಟು ಹೋದರು. ಬೆಲೆ ಕೇಳಿದರೆ, "ಇರ್ಲಿ ತಂಗಿ, ನಿಮ್ಮಪ್ಪನ ಮರ್ಯಾದಿ" ಅಂದರು.

ಮೇ ೨೬, ಬುಧವಾರ

ಅಪ್ಪ ರೋಣಕ್ಕೆ ಹೋದರು. ಹೊಲದ ತಂಟೆ ಅಂದರು. ನಮ್ಮ ಹೊಲದ ತಂಟೆ ಹೋದ ವರ್ಷವೇ ಮುಗಿದಿದೆ.

ಮೇ ೨೮, ಶುಕ್ರವಾರ

ಅಪ್ಪ ಬಂದರು. ಕಡವಿನ ಕಂಬದ ಮೇಲಿನ ನರಗುಂದದ ನಿಶಾನಿ ಇಳಿಸಿ ಕಂಪನಿಯದನ್ನು ಏರಿಸಿದರು. ಕಂಬ ಅದೇ, ಕಟ್ಟೆ ಅದೇ, ಅಪ್ಪ ಕೂಡುವ ಜಾಗವೂ ಅದೇ. ಊರವರು ಬಂದು ನೋಡಿ ಹೋದರು.

ಗಾಳೆವ್ವ ಮಾತ್ರ ಬಾಯಿಬಿಟ್ಟಳು. ಅಂಬಿಗರ ಹಿರಿಯ ಅಜ್ಜಪ್ಪನ ಹೆಂಡತಿ. ಅವಳ ಬಾಯಿಗೆ ಅಪ್ಪನೂ ಹೆದರುತ್ತಾರೆ.

"ನಿಮ್ಮಜ್ಜ ಪೇಶವೇರನ್ನ ಬಿಟ್ಟ. ನಿಮ್ಮಪ್ಪ ನರಗುಂದಾ ಬಿಟ್ಟ. ನಾವಷ್ಟ ಹುಚ್ಚರವಾ, ಒಂದ ಹೊಳಿ ಹಿಡಕೊಂಡ ಕುಂತೇವಿ."

ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದೆ.

"ಅವರಿಗೆ ಹೇಳಿ ಕಳಸೀರೇನಪ್ಪಾ?"

"ಯಾರಿಗೆ?"

"ಅವರಿಗೆ... ನಿಮ್ಮನ್ನ ನಂಬಿ ಹೋಗ್ಯಾರ."

ಅಪ್ಪ ರೊಟ್ಟಿ ಮುರಿಯುತ್ತಾ ಕೂತರು. "ಹೇಳೂನು. ಲಗೂನ ಹೇಳೂನು. ಚನ್ನವ್ವಾ, ನಾ ಮಾಡಿದ್ದು ನನಗಲ್ಲ. ಈ ಊರಿಗೆ ಬೆಂಕಿ ಬೀಳಬಾರ್ದು. ತಿಳೀತೇನು?"

ತಿಳಿಯಿತು. ಆದರೆ ಹೇಳಿ ಕಳಿಸಿಲ್ಲ ಎಂಬುದೂ ತಿಳಿಯಿತು.

ಜೂನ್ ೧, ಮಂಗಳವಾರ

ಸುರೇಬಾನದಲ್ಲಿ ನರಗುಂದದವರು ಒಬ್ಬ ದೊಡ್ಡ ಸಾಹೇಬನನ್ನು ಕೊಂದರಂತೆ. ಪಲಟನ್ ಬಂತಂತೆ. ಎಲ್ಲವೂ ಅಂತೆ. ನರಗುಂದದ ಕಡೆಯಿಂದ ಗುಡುಗಿನಂಥ ಸದ್ದು. ಮೋಡವೇ ಇಲ್ಲ.

ಜೂನ್ ೩, ಗುರುವಾರ

ಕೋಟೆ ಬಿತ್ತು.

ಜೂನ್ ೯, ಬುಧವಾರ

ಬರೆಯಲು ಏನಿತ್ತು? ಕಾದದ್ದು, ಅಷ್ಟೇ. ಮೊದಲೆರಡು ದಿನ ಹೊಳೆಯಲ್ಲಿ ಮೊಣಕಾಲು ನೀರು. ಕೋಟೆಯಿಂದ ತಪ್ಪಿಸಿಕೊಂಡವರು ಸಿಕ್ಕಲ್ಲಿ ನಡೆದು ದಾಟಿದರು. ಅವರಲ್ಲಿ ಇವರಿರಲಿಲ್ಲ. ಆಮೇಲೆ ಮೇಲೆಲ್ಲೋ ಮಳೆ ಹೊಡೆಯಿತು. ನಿನ್ನೆ ಹೊಸ ನೀರು ಬಂತು, ಕೆಂಪಗೆ. ಈಗ ಹರಿಗೋಲಿಲ್ಲದೆ ಯಾರೂ ದಾಟುವಂತಿಲ್ಲ.

ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿವೆ. ನಮ್ಮ ಕಡವಿನ ರೂಢಿ ಅದು. ಗೌಡರ ಮನೆಯ ಮುತ್ತೈದೆ ಬಂದು ಹೊಸ ನೀರಿಗೆ ಉಡಿ ತುಂಬಬೇಕು. ಅಲ್ಲಿಯವರೆಗೆ ಅಂಬಿಗರು ಹರಿಗೋಲು ಮುಟ್ಟುವುದಿಲ್ಲ. ಮೊದಲೆಲ್ಲ ಅವ್ವ ತುಂಬುತ್ತಿದ್ದಳು. ಹೋದ ವರ್ಷ ನಾನು.

ಗಾಳೆವ್ವ ಹಿತ್ತಲ ಬಾಗಿಲಿಗೆ ಬಂದಳು, ಮೀನು ಕೊಡುವ ನೆಪ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಅಷ್ಟೂ ಮರೆತಿದ್ದಳು.

"ನಿನ್ನ ಗಂಡ ಶಿರೋಳದ ಹಳ್ಳದಾಗ ಅದಾನ, ಜಾಲಿಕಂಟ್ಯಾಗ. ತ್ವಡಿಗೆ ಪೆಟ್ಟಾಗೈತಿ. ಕಡವು ತೆಗದ್ರ ದಾಟಿಸ್ತೇವಿ, ನಮ್ಮಂವ ಒಪ್ಯಾನ."

ಜೀವ ಇದೆ. ಜೀವ ಇದೆ.

ಅಪ್ಪನಿಗೆ ಹೇಳಿದೆ — ಹೊಸ ನೀರು ಬಂದಿದೆ, ಉಡಿ ತುಂಬಬೇಕಲ್ಲ ಅಂತ ಮಾತ್ರ. ಅಪ್ಪ ನನ್ನ ಮುಖವನ್ನೇ ನೋಡಿದರು.

"ಅಮಾಸಿ ಮುಂದ ಬಂದೈತಿ. ಕಳೀಲಿ."

ಜೂನ್ ೧೦, ಗುರುವಾರ

ನಿನ್ನೆ ರಾತ್ರಿ ಗಾಳೆವ್ವ ಮತ್ತೆ ಬಂದಳು. "ಅಪ್ಪನ್ನ ಯಾಕ ಕೇಳ್ತಿ? ಉಡಿ ತುಂಬಾಕಿ ನೀನು. ನಸುಕಿನ್ಯಾಗ ಬಾ. ನಾಕ ಅಕ್ಕಿಕಾಳ ಹಾಕು, ಸಾಕು, ಹೊಳಿ ಸಿಟ್ಟ ಮಾಡೂದಿಲ್ಲ."

ನಸುಕಿನಲ್ಲಿ ಎದ್ದೆ. ಮೊರದಲ್ಲಿ ಎಲ್ಲ ಇಟ್ಟುಕೊಂಡೆ. ಊರಬಾಗಿಲ ಅಗಸಿಯಲ್ಲಿ ಅಪ್ಪನ ಆಳುಗಳು, ಜೊತೆಗೆ ರೋಣದಿಂದ ಬಂದ ಕಂಪನಿ ಚಪರಾಸಿ. ಎಲ್ಲರೂ ನನ್ನನ್ನೇ ನೋಡಿದರು. ಯಾರೂ ತಡೆಯಲಿಲ್ಲ. ಎಲ್ಲಿಗೆ ಅಂತ ಒಬ್ಬ ಕೇಳಿದ, ಅಷ್ಟೇ. ಬಾಯಿ ಬರಲಿಲ್ಲ. ತಿರುಗಿ ಬಂದೆ.

ನಾಳೆ ಅಮಾವಾಸ್ಯೆ. ನಾಡಿದ್ದು ಹೋಗಿಯೇ ಹೋಗುತ್ತೇನೆ.

ಜೂನ್ ೧೨, ಶನಿವಾರ

ಹೋಗಲಾಗಲಿಲ್ಲ. ಪಲಟನ್ ನಮ್ಮೂರಿಗೇ ಬಂತು. ಹೊಳೆಸಾಲು ತುಂಬ ಡೇರೆ. ಅಪ್ಪನನ್ನು ಮಧ್ಯಾಹ್ನ ಶಿರೋಳಕ್ಕೆ ಕರೆದುಕೊಂಡು ಹೋದರು. ಹೊತ್ತು ಮುಳುಗಿದ ಮೇಲೆ ಬಂದರು. ಸ್ನಾನ ಮಾಡಿದರು. ಊಟ ಬೇಡ ಅಂದರು.

ಜೂನ್ ೧೪, ಸೋಮವಾರ

ಇವತ್ತು ನಗು ಬರುತ್ತಿದೆ. ಕೈಗೆ ಇನ್ನೂ ಅರಿಶಿನ ಹತ್ತಿದೆ, ಕಾಗದಕ್ಕೂ ಹತ್ತುತ್ತಿದೆ, ಹತ್ತಲಿ.

ಬೆಳಿಗ್ಗೆ ಅಪ್ಪ ತಾವಾಗಿ ಒಳಗೆ ಬಂದು ಒಲೆಯ ಹತ್ತಿರ ಕೂತರು. ಎಂದೂ ಕೂತವರಲ್ಲ.

"ಈಶಪ್ಪ ಆಚಿ ದಂಡ್ಯಾಗ ಅದಾನವಾ. ಮ್ಯಾಲಿನ ಮಡುವಿನ್ಯಾಗ ಈಸಿ ದಾಟ್ಯಾನಂತ. ಗೋವನಕೊಪ್ಪದಾಗ ಬ್ಯಾನಿ ಬಿದ್ದಾನ. ಸಾಹೇಬ್ರ ಕಡಿಂದ ಅವಗ ಮಾಫಿ ತಂದೇನಿ. ಇವತ್ತ ಉಡಿ ತುಂಬು. ಪಲಟನ್ ದಾಟ್ಲಿ, ತಿರಗಿ ಬರೂ ಹರಿಗೋಲದಾಗ ಅವನ್ನ ತರಸ್ತೇನಿ."

ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ತಲೆಯ ಮೇಲೆ ಕೈ ಇಟ್ಟರು. ಕೈ ತಣ್ಣಗಿತ್ತು.

ಹಸಿರು ಸೀರೆ ಉಟ್ಟೆ. ಕುಬಸದ ಕಣ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು. ದಂಡೆಯ ತುಂಬ ಸಿಪಾಯಿಗಳು. ಇಷ್ಟು ಗಂಡಸರ ಮುಂದೆ ಎಂದೂ ನಿಂತವಳಲ್ಲ, ಇವತ್ತು ನಿಂತೆ. ಉಡಿ ನೀರಿಗೆ ಬಿಟ್ಟೆ. ಸುತ್ತು ಹಾಕಿ ಹರಿದು ಹೋಯಿತು. ಅಂಬಿಗರ ಹೆಂಗಸರು ಬಿಡಲಿಲ್ಲ — "ಹೆಸರ ಹೇಳವಾ, ಹೆಸರ ಹೇಳಿದ್ರನ ಹರಿಗೋಲ ಏಳೂದು." ಹೋದ ವರ್ಷ ಸೆರಗಿನಲ್ಲಿ ಮುಖ ಮುಚ್ಚಿ ಪಿಸುಗುಟ್ಟಿದ್ದೆ. ಇವತ್ತು ಗಟ್ಟಿಯಾಗಿ ಹೇಳಿದೆ:

"ಹೊಸಾ ನೀರು ಹೊಳಿ ಬಲಕ್ಕ, ಕರಿ ಎರಿ ಬಿಳಿ ಜ್ವಾಳಕ್ಕ, ಈಶಪ್ಪನ ಹೆಸರು ನನ್ನ ಹಣಿ ಕುಂಕುಮಕ್ಕ."

ಹೆಂಗಸರು ನಕ್ಕರು. "ಗೌಡ್ರ ಮಗಳಿಗೆ ಬಾಯಿ ಬಂತು" ಅಂದಳು ಒಬ್ಬಳು. ಅಪ್ಪ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು.

ಹರಿಗೋಲು ಎದ್ದವು. ಒಂದರ ಹಿಂದೆ ಒಂದು, ಸಿಪಾಯಿಗಳನ್ನು ಹೇರಿಕೊಂಡು. ಕುದುರೆಗಳು ಪಕ್ಕದಲ್ಲಿ ಈಸಿದವು. ಸಂಜೆಯವರೆಗೆ ಕಟ್ಟೆಯ ಮೇಲೆ ಕೂತೆ. ಬರುವ ಹರಿಗೋಲು ಎಲ್ಲ ಖಾಲಿ. ಬೇನೆ ಬಿದ್ದವರನ್ನು ಎತ್ತಿ ತರಲು ತಡವಾಗುತ್ತದೆ. ನಾಳೆ ಬರಬಹುದು.

ಜೂನ್ ೧೫, ಮಂಗಳವಾರ

ಮುಂಜಾನೆ ಗಾಳೆವ್ವ ಬಂದಳು. ಹಿತ್ತಲಿಗಲ್ಲ, ತಲಬಾಗಿಲಿಗೆ. ಕೂಡು ಅಂದೆ, ಕೂಡಲಿಲ್ಲ. ಕುಂಕುಮ ಕೊಡಲು ಹೋದೆ, ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ನಮ್ಮವನ ಹರಿಗೋಲದಾಗ ಸಿಪಾಯಿಗೋಳು ಮಾತಾಡಿದ್ರು. ಶನಿವಾರ ಶಿರೋಳದ ಹಳ್ಳದಾಗ ಹಿಡದ್ರಂತ. ಅಲ್ಲೇ ಗಿಡಕ್ಕ..."

"ಅಪ್ಪಾ ಹೇಳಿದ್ರಲ್ಲ, ಗೋವನಕೊಪ್ಪ..."

"ಗುರುತ ಹೇಳಿದಂವ ನಿಮ್ಮಪ್ಪನ ಅಂತವಾ."

ಇಷ್ಟು ಬರೆದು ಎದ್ದು ಹೋದೆ. ಅಪ್ಪ ದೇವರ ಕೋಣೆಯಲ್ಲಿದ್ದರು. ಕೇಳಿದೆ. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ನಾ ಹೇಳದಿದ್ರ ಮತ್ತೊಬ್ಬ ಹೇಳ್ತಿದ್ದ. ನಾ ಸುಮ್ನ ನಿಂತಿದ್ರ ನನ್ನನ್ನೂ ಅದ ಗಿಡಕ್ಕ ನೇಣ ಹಾಕ್ತಿದ್ರು. ಆಮ್ಯಾಲ ಊರಿಗೆ ಬೆಂಕಿ. ನೋಡು, ಕೊಣ್ಣೂರಾಗ ಒಂದ ಗುಡಸಲಾ ಸುಟ್ಟಿಲ್ಲ."

"ಶನಿವಾರದಿಂದ ನಿಮಗ ಗೊತ್ತಿತ್ತು. ಸೋಮವಾರ ನನ್ನ ಕೈಲೆ ಉಡಿ ತುಂಬಿಸಿದ್ರಿ."

"ಮನ್ಯಾಗ ಮತ್ತ ಯಾರದಾರ? ಮುತ್ತೈದಿ ಬೇಕಂದ್ರು."

ಅಷ್ಟು ಸರಳವಾಗಿ ಹೇಳಿದರು. ಇಡೀ ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು, ನಾನು ಮುತ್ತೈದೆ ಅಲ್ಲ ಅಂತ.

ಜೂನ್ ೧೬, ಬುಧವಾರ, ಬೆಳಿಗ್ಗೆ

ಅರ್ಧ ಪಲಟನ್ ಆಚೆ, ಅರ್ಧ ಈಚೆ. ಫಿರಂಗಿ ತೋಪು ಇನ್ನೂ ಈಚೆ. ಅಂಬಿಗರು ನಿನ್ನೆ ಸಂಜೆಯಿಂದ ಹರಿಗೋಲು ಬೋರಲು ಹಾಕಿದ್ದಾರೆ. ಗಂಡ ಸತ್ತವಳು ತುಂಬಿದ ಉಡಿ ಹೊಳೆಗೆ ಮುಟ್ಟುವುದಿಲ್ಲ, ಇಳಿದರೆ ಮುಳುಗುತ್ತೇವೆ ಅನ್ನುತ್ತಾರೆ. ಸಿಪಾಯಿಗಳ ಮಾತು ಸುಳ್ಳು ಅಂತ ಅಪ್ಪ ಬಸವಣ್ಣನ ಮೇಲೆ ಆಣೆ ಮಾಡಿದರಂತೆ. ಅಜ್ಜಪ್ಪ, "ನಿಮ್ಮ ಆಣಿ ನೋಡೇವಿ ಗೌಡ್ರ. ತಂಗಿ ಬಂದು ಹೇಳ್ಲಿ. ಆಕಿ ಹೂಂ ಅಂದ್ರ ಇಳೀತೇವಿ" ಅಂದನಂತೆ.

ಅದಕ್ಕೆ ಅಪ್ಪ ಹೊರಗೆ ನಿಂತಿದ್ದಾರೆ. ಕುಂಕುಮ ಹಚ್ಚಿಕೊಂಡು ಬಾ, ಗಂಡ ಅದಾನ ಅಂತ ಅನ್ನು, ಒಂದ ಮಾತು. ಮಧ್ಯಾಹ್ನದೊಳಗೆ ತೋಪು ದಾಟದಿದ್ದರೆ ಗೌಡಿಕೆ ಬೇರೆಯವರಿಗೆ. ಗೌಡಿಕೆ ಹೋದರೂ ಹೋಗಲಿ, ಸಾಹೇಬ ಸಿಟ್ಟಾಗಿದ್ದಾನೆ, ನನ್ನ ಕುತ್ತಿಗೆಗೆ ಬರುತ್ತದೆ — ಹೀಗೆ ಬಾಗಿಲ ಆಚೆಯಿಂದ ಹೇಳುತ್ತಲೇ ಇದ್ದಾರೆ. ಅಪ್ಪನ ದನಿ ನಡುಗುವುದನ್ನು ಮೊದಲ ಸಲ ಕೇಳುತ್ತಿದ್ದೇನೆ.

ಆಚೆ ದಂಡೆಯ ಊರುಗಳಲ್ಲಿ ಇನ್ನೂ ಎಷ್ಟೋ ಜನ ಅಡಗಿದ್ದಾರಂತೆ. ನಮ್ಮ ಪಡಸಾಲೆಯಲ್ಲಿ ನನ್ನ ರೊಟ್ಟಿ ತಿಂದವರು. ಅವರಿಗೂ ಮನೆಯಲ್ಲಿ ಯಾರೋ ಇರುತ್ತಾರೆ.

ಹೂಂ ಅಂದರೆ ಅವರು ಸಾಯುತ್ತಾರೆ. ಇಲ್ಲ ಅಂದರೆ ಅಪ್ಪ.

ಕನ್ನಡಿ ನೋಡಲಿಲ್ಲ. ಹಣೆ ತೊಳೆದುಕೊಂಡಿದ್ದೇನೆ. ನೀರು ಕಣ್ಣಿಗಿಳಿದು ಉರಿಯುತ್ತಿದೆ.

ಅಗಸಿ ದಾಟಬೇಕು. ಚಪರಾಸಿ ಎಲ್ಲಿಗೆ ಅಂತ ಕೇಳುತ್ತಾನೆ. ಹೊಳೆಗೆ ಅನ್ನಬೇಕು. ಆಮೇಲೆ ಕಟ್ಟೆ ಹತ್ತಿ ಅಂಬಿಗರ ಕಡೆ ಮುಖ ಮಾಡಿ ನಿಲ್ಲಬೇಕು. ಗಟ್ಟಿಯಾಗಿ ಹೇಳಬೇಕು, ಹೋದ ವರ್ಷದ ಹಾಗೆ ಪಿಸುಗುಟ್ಟಿದರೆ ನಡೆಯುವುದಿಲ್ಲ. ಮೊದಲು ಬರೆದು ನೋಡುತ್ತೇನೆ, ಬರೆದರೆ ಬಾಯಿಗೆ ಬರಬಹುದು.

ಅಜ್ಜಪ್ಪಣ್ಣಾ, ಹರಿಗೋಲ ಎತ್ತಬ್ಯಾಡ್ರಿ. ಶನಿವಾರದಿಂದ ನಾನು...